ಮಾತು ಬಿಟ್ಟವರ ಬೋಟು

ನೀಲಕಂಠಸ್ವಾಮಿ ಶೆಡ್ಡಿನಲ್ಲಿ ಕೂತು ಚಿಕ್ಕ ಬೋಟಿನ ಮೋಟರ್ ಬಿಚ್ಚಿಹಾಕಿಕೊಂಡು ಸರ್ವೀಸ್ ಮಾಡುತ್ತಿದ್ದ. ಗ್ರೀಸ್ ಡಬ್ಬಕ್ಕೆ ಕೈ ಚಾಚಿದಾಗ ಅದರ ಪಕ್ಕದಲ್ಲಿ ಹಿತ್ತಾಳೆಯ ಬಿರಡೆಯೊಂದು ಕಂಡಿತು. ಚಾಚಿದ ಕೈ ಅಲ್ಲೇ ನಿಂತಿತು.

ಅದು ದೊಡ್ಡ ಬೋಟಿನ ಬಿರಡೆ. ಬೋಟನ್ನು ದಡಕ್ಕೆಳೆದು ಟ್ರೇಲರ್ ಮೇಲೆ ಕೂರಿಸಿದಾಗ, ಒಳಗೆ ಬಿದ್ದ ಮಳೆನೀರು ಸೋರಿಹೋಗಲೆಂದು ಹಿಂಬದಿಯ ತಳದ ತೂತಿನಿಂದ ಅದನ್ನು ತೆಗೆದಿಡುತ್ತಾರೆ. ಮತ್ತೆ ನೀರಿಗಿಳಿಸುವ ಮುಂಚೆ ಮರೆಯದೆ ಬಿಗಿಯಬೇಕು. ಬೆಳಿಗ್ಗೆ ಪಾಚಿ ಕೆರೆದು ತೊಳೆಯುವಾಗ ನೀಲಕಂಠನೇ ತೆಗೆದಿಟ್ಟಿದ್ದ. ಅವನು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಮಹದೇವಪ್ರಸಾದ್ ಬೋಟನ್ನು ನೀರಿಗಿಳಿಸಿ, ರೆಸಾರ್ಟಿನ ಅತಿಥಿಗಳನ್ನು ಕೂರಿಸಿಕೊಂಡು ಕಬಿನಿ ಹಿನ್ನೀರಿನಲ್ಲಿ ಹೊರಟುಹೋಗಿದ್ದ.

ಬಿರಡೆ ತೆಗೆದವನು ಇನ್ನೊಬ್ಬನಿಗೆ ಹೇಳಬೇಕು. ಇಷ್ಟು ವರ್ಷ ಹಾಗೇ ನಡೆದುಕೊಂಡು ಬಂದಿತ್ತು. ಆದರೆ ಯುಗಾದಿಯಿಂದೀಚೆಗೆ ಇಬ್ಬರೂ ಮಾತು ಬಿಟ್ಟಿದ್ದರು. ಪ್ರಸಾದ್ ನೀಲಕಂಠನ ತಂಗಿ ಸುಧಾಳ ಗಂಡ. ಅವಳು ತುಟಿ ಒಡೆಸಿಕೊಂಡು ಹಂಪಾಪುರದ ತವರಿಗೆ ಬಂದ ದಿನದಿಂದ ನೀಲಕಂಠ ಅವನ ಜೊತೆ ಒಂದು ಮಾತೂ ಆಡಿರಲಿಲ್ಲ. ಒಂದೇ ಬೋಟಿನ ಎರಡು ಕಡೆ ನಿಂತು ಮೂಗರ ಹಾಗೆ ಹಗ್ಗ ಎಳೆಯುತ್ತಿದ್ದರು.

ನೀಲಕಂಠ ಪ್ರಸಾದನಿಗೆ ಫೋನ್ ಮಾಡಿದ. ಹೋಗಲಿಲ್ಲ. ಕಾಡಿನ ಕಡೆ ಸಿಗ್ನಲ್ ಎಲ್ಲಿಯದು?

ಓಡುವ ಬೋಟಿಗೆ ಅಷ್ಟು ಭಯವಿಲ್ಲ. ಮೂತಿ ಎತ್ತಿಕೊಂಡು ಹೋಗುವಾಗ ಒಳಗೆ ಬಂದ ನೀರೂ ಹಿಂದಕ್ಕೆ ಸುರಿದುಹೋಗುತ್ತದೆ. ನಿಂತರೆ ಕೆಟ್ಟಿತು. ಆನೆ ಕಂಡ ಕೂಡಲೇ ಬೋಟು ನಿಲ್ಲಿಸುವುದು ಪ್ರಸಾದನ ಪದ್ಧತಿ. ಮಾದಪ್ಪಾ, ಇವತ್ತೊಂದು ದಿನ ಆನೆ ಕಾಣದಿರಲಿ ಎಂದುಕೊಳ್ಳುತ್ತ ನೀಲಕಂಠ ದಡಕ್ಕೆ ಓಡಿದ.

ರೆಸಾರ್ಟಿನ ದಡ ಕಾಯುವ, ಕಾಡಂಚಿನ ಹಾಡಿಯ ಮುತ್ತ ಅವನ ಓಟ ನೋಡಿಯೇ ಎದ್ದು ನಿಂತ.

"ಮುತ್ತ, ನಿನ್ ತೆಪ್ಪ ಎಲ್ಲದೆ?"

"ಅಲ್ಲೇ ಬೋರ್ಲಾಕಿವ್ನಿ ಕಣಣ್ಣ. ಯಾಕೆ?"

"ಬೋಟ್ಗೆ ಬಿರಡೆ ಇಲ್ಲ ಕಣ್ಲಾ! ಜನ ಕೂರಿಸ್ಕಂಡು ಹೋಗವ್ನೆ!"

ಮುತ್ತ ಮರುಮಾತಾಡದೆ ತೆಪ್ಪ ನೀರಿಗೆ ತಳ್ಳಿದ. ದುಂಡನೆಯ ತೆಪ್ಪಕ್ಕೆ ಅವಸರ ಗೊತ್ತಿಲ್ಲ. ಅವನು ಎಷ್ಟು ಹುಟ್ಟು ಹಾಕಿದರೂ ದಡ ನಿಧಾನವಾಗಿಯೇ ಸರಿಯಿತು. ನೀಲಕಂಠ ಅಂಚು ಹಿಡಿದು ಕೂತಿದ್ದ. ಹೋದರೆ ಹೋಗಲಿ, ತಂಗಿಯ ಪೀಡೆ ಕಳೆಯಿತು ಎಂದು ಮನಸ್ಸಿನೊಳಗೆ ಯಾರೋ ಹೇಳಿದಂತಾಯಿತು. ಹೇಳಿದವನು ತಾನೇ ಎಂದು ತಿಳಿದು, ಬಾಗಿ ಬರಿಗೈಯಲ್ಲೇ ನೀರು ತಳ್ಳತೊಡಗಿದ.

ಒಣಮರಗಳ ತಿರುವು ದಾಟಿದಾಗ ಹೆಂಗಸಿನ ಕೂಗು ಕೇಳಿತು. ಆಚೆ ದಡದಲ್ಲಿ ಮರಿಯೊಂದಿಗೆ ಆನೆಗಳ ಹಿಂಡು ನಿಂತಿತ್ತು. ಅಲ್ಲಿಗೆ ಹೋಗಲಾಗದೆ ಪ್ರಸಾದ್ ನೀರಿನ ನಡುವಿನ ಕೆಸರುದಿಬ್ಬಕ್ಕೆ ಬೋಟು ನುಗ್ಗಿಸಿದ್ದ. ಹಿಂಭಾಗ ಮುಳುಗಿಹೋಗಿತ್ತು. ಅತಿಥಿಗಳಲ್ಲಿ ಗಂಡ ಹೆಂಡತಿ ಇಬ್ಬರು ದಿಬ್ಬ ಹತ್ತಿ ನಡುಗುತ್ತಿದ್ದರು. ಪ್ರಸಾದ್ ಎದೆಮಟ್ಟದ ನೀರಿನಲ್ಲಿ ಅವರ ಮುದುಕಿ ತಾಯಿಯನ್ನು ಹೆಗಲ ಮೇಲೆ ಹೊತ್ತು, ಕಾಲು ಹೂತಲ್ಲಿಂದ ಕಿತ್ತುಕೊಳ್ಳಲಾಗದೆ ನಿಂತಿದ್ದ. "ಹೆದರ್ಕಬ್ಯಾಡಿ ಅಜ್ಜಿ, ನಾನಿವ್ನಿ" ಎನ್ನುತ್ತಲೇ ಇದ್ದ. ನೀಲಕಂಠ ಇಳಿದು ಅಜ್ಜಿಯನ್ನು ಎತ್ತಿಕೊಂಡ. ಹೆಗಲು ಹಗುರಾದ ಮೇಲೆ ಪ್ರಸಾದ್ ಕಾಲು ಕಿತ್ತುಕೊಂಡು ದಿಬ್ಬ ಹತ್ತಿದ.

ಮುತ್ತ ಮೂವರನ್ನೂ ತೆಪ್ಪದಲ್ಲಿ ಕೂರಿಸಿಕೊಂಡು ಹೊರಟ. ದಿಬ್ಬದ ಮೇಲೆ ಭಾವ ಮೈದುನರಿಬ್ಬರೇ ಉಳಿದರು.

"ಒಂದ್ ಮಾತು ಹೇಳಿದ್ರೆ ನಿಮ್ ಗಂಟೇನು ಹೋಗ್ತಿತ್ತು ಭಾವ?" ಪ್ರಸಾದ್ ಮುಳುಗಿದ ಬೋಟಿನ ಕಡೆ ಕೈ ತೋರಿಸಿದ.

"ಹೇಳ್ಬೇಕಿತ್ತು. ನಂದೇ ತಪ್ಪು."

ಪ್ರಸಾದ್ ಕೈಕಾಲಿನ ಕೆಸರು ಒರೆಸಿಕೊಂಡ. ಆಮೇಲೆ ಮೆಲ್ಲಗೆ ಅಂದ: "ಬುಡಿ. ಬಿರಡೆ ಸವೆದಿತ್ತು, ಕಿತ್ಕಂಡೋಯ್ತು ಅಂತ ಸಾಹೇಬ್ರಿಗೆ ನಾನೇ ಹೇಳ್ತೀನಿ. ನಿಮ್ ಹೆಸ್ರೇ ಬರಾಕಿಲ್ಲ. ನೀವು ಸುಧಾನ ಕಳ್ಸಿಕೊಡಿ. ಅಷ್ಟೇಯ."

ಈಗಷ್ಟೇ ಆ ಹೆಗಲು ನೋಡಿ ನೀಲಕಂಠನ ಮನಸ್ಸು ಕರಗಿತ್ತು. ಕೆಲಸ ಹೋದರೆ ಮನೆ ನಡೆಯುವುದು ಹೇಗೆ ಎಂಬುದೂ ಒಮ್ಮೆ ಕಣ್ಣ ಮುಂದೆ ಬಂತು.

"ಅವ್ಳು ಬೋಟಿನ ಸಾಮಾನಲ್ಲ ಕಣಪ್ಪ, ಇವ್ರಿಂದ ಈಸ್ಕಂಡು ಅವ್ರಿಗೆ ಕೊಡಾಕೆ" ಎಂದ ಕೊನೆಗೆ.

ಮುತ್ತ ಮರಳಿ ಬಂದು ದಡ ಸೇರಿಸಿದ ಮೇಲೆ ನೀಲಕಂಠ ಒದ್ದೆ ಬಟ್ಟೆಯಲ್ಲೇ ಮ್ಯಾನೇಜರ್ ಸೋಮಶೇಖರ್ ಮುಂದೆ ಹೋಗಿ ನಿಂತು, ಬಿರಡೆ ತೆಗೆದವನು ತಾನು, ಹೇಳದೆ ಹೋದವನೂ ತಾನು ಎಂದ. ಇಳಿಸುವಾಗ ನೋಡಿಕೊಳ್ಳದ ಪ್ರಸಾದನಿಗೂ ಬೈಗುಳ ಬಿತ್ತು. ಆದರೆ ಹೊರಗೆ ಕಳಿಸಿದ್ದು ನೀಲಕಂಠನನ್ನು. "ನಾವಾಗಿ ಕರೆಯೋವರೆಗೂ ಈ ಕಡೆ ಬರಬೇಡಿ" ಎಂದರು ಸೋಮಶೇಖರ್. ಕರೆಯುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಮನೆಯಲ್ಲಿ ಸುಧಾ ಅವರೆಕಾಯಿ ಬಿಡಿಸುತ್ತಿದ್ದಳು. ನಡೆದದ್ದನ್ನೆಲ್ಲ ಕೇಳಿ ಮೊದಲು ಕೇಳಿದ್ದು, "ಅವ್ರಿಗೇನೂ ಆಗಿಲ್ವಾ?" ಎಂದು.

"ಇಲ್ಲ."

"ಆ ಅಜ್ಜಿನ ನಿಜ್ವಾಗ್ಲೂ ಹೆಗಲ ಮೇಲೆ ಹೊತ್ಕಂಡು ನಿಂತಿದ್ರಾ?"

"ಹೂಂ. ಸುಳ್ಯಾಕೆ ಹೇಳ್ಲಿ?"

ಅವಳು ಕೈಯಲ್ಲಿದ್ದ ಕಾಯಿಯನ್ನು ಮೊರಕ್ಕೆ ಹಾಕಿದಳು. "ಹೊರಗಡೆಯವ್ರಿಗೆ ಅಂಗೇ ಕಣಣ್ಣ ಅವ್ರು. ಅದಕ್ಕೇ ನಾನು ಹೇಳಿದ್ದ ಊರಲ್ಲಿ ಯಾರೂ ನಂಬ್ಲಿಲ್ಲ. ಅವ್ವನೂ ನಂಬ್ಲಿಲ್ಲ."

ತಾನಾದರೂ ತುಟಿಯ ಗಾಯ ನೋಡುವವರೆಗೆ ನಂಬಿದ್ದೆನೇ? ಅವಳು ಹಿಂದೆ ಎರಡು ಮೂರು ಸಲ ಫೋನಿನಲ್ಲಿ ಅತ್ತಾಗ ತಾನೇ 'ಹೊಂದ್ಕಂಡು ಹೋಗವ್ವ' ಎಂದದ್ದು ನೆನಪಾಗಿ ನೀಲಕಂಠ ತಲೆ ತಗ್ಗಿಸಿದ.

"ನಾಳೆ ಕೋಟೆ ಟೌನ್ಗೆ ಹೋಗಿ ವಕೀಲರನ್ನ ನೋಡ್ಬೇಕು ಅಂತಿವ್ನಿ" ಎಂದಳು ಸುಧಾ, ಅವನ ಮುಖ ನೋಡದೆ. "ನೀನು ಬತ್ತೀಯಾ?"

"ಬತ್ತೀನಿ" ಎಂದ.