ಮಂಕಾಗದ ದೀಪ

ನೆಲದಡಿಯ ಟೆಲಿಫೋನ್ ಸುರಂಗದಲ್ಲಿ ತಂತಿ ಜೋಡಿಸುವವನನ್ನು ಎಲ್ಲರೂ ಬೆಸುಗೆಯಣ್ಣ ಅಂತಲೇ ಕರೆಯುತ್ತಿದ್ದರು. ಕೈಕೆಲಸದಲ್ಲಿ ಗಟ್ಟಿಗ, ಹಟದಲ್ಲಿ ಇನ್ನೂ ಗಟ್ಟಿಗ. ಅಮ್ಮ ತೀರಿಕೊಂಡ ವಾರ ಅಕ್ಕನ ಜೊತೆ ಮಾತಿಗೆ ಮಾತು ಬೆಳೆದು, ಒಂಬತ್ತು ವರ್ಷ ಇಬ್ಬರೂ ಮುಖ ನೋಡಿರಲಿಲ್ಲ. ಈಗ ಅಕ್ಕನಿಂದ ಒಂದು ಕಾರ್ಡು ಬಂದಿತ್ತು. ‘ಗುರುವಾರ ನಾಲ್ಕು ಗಂಟೆ ಬಸ್ಸಲ್ಲಿ ನಿಮ್ಮೂರು ಹಾದು ಹೋಗ್ತೀನಿ. ಹತ್ತು ನಿಮಿಷ ನಿಲ್ಲುತ್ತಂತೆ. ಬರೋದಾದ್ರೆ ಬಾ.’ ಓದಿ ಓದಿ ಆ ಕಾರ್ಡು ಮಡಿಕೆಯಲ್ಲಿ ಹರಿದೇ ಹೋಗಿತ್ತು.

ರಜೆ ಕೇಳುವ ಅಗತ್ಯವಿರಲಿಲ್ಲ. ಪಾಳಿ ಎರಡು ಗಂಟೆಗೆಲ್ಲ ಮುಗಿಯುತ್ತಿತ್ತು. ಮುಗಿಸುತ್ತಿದ್ದದ್ದು ಗಡಿಯಾರವಲ್ಲ, ಅವನ ತಲೆಗೆ ಕಟ್ಟಿದ್ದ, ಇಡೀ ತಂಡಕ್ಕೆ ಒಂದೇ ಆದ ದೀಪ. ನಿಯಮದ ಪುಸ್ತಕದಲ್ಲಿ ಹಾಗೇ ಇದೆ: ‘ತಲೆದೀಪ ಮಂಕಾದೊಡನೆ ಕೆಲಸಗಾರರು ಮೇಲೆ ಬರತಕ್ಕದ್ದು.’ ಯಾವ ಪುಣ್ಯಾತ್ಮ ಬರೆದನೋ! ಹತ್ತು ಗಂಟೆಗೆ ಹೊಸ ಚಪ್ಪಟೆ ಬ್ಯಾಟರಿ ಹಾಕಿದರೆ, ಎರಡರ ಹೊತ್ತಿಗೆ ದೀಪ ಕೆಂಪಗಾಗಿ ತೂಕಡಿಸಲು ಶುರುಮಾಡುತ್ತಿತ್ತು. ಎಲ್ಲರೂ ಹತ್ತಿ ಮನೆಗೆ ಹೋಗುತ್ತಿದ್ದರು.

ಅಷ್ಟರಲ್ಲಿ ಆ ಬ್ಯಾಟರಿ ತಯಾರಿಸುವುದನ್ನೇ ನಿಲ್ಲಿಸಿಬಿಟ್ಟರು. ಹೊಸ ದೀಪ ಕೊಡಿ ಅಂದರೆ, ಉಗ್ರಾಣದವರು “ಹಳೇದು ಕೆಟ್ಟಿಲ್ವಲ್ಲ” ಅಂದರು. ಬೆಸುಗೆಯಣ್ಣನಿಗೆ ರೋಷ ಬಂತು. ಬುಧವಾರ ಸಂಜೆ ಅಡುಗೆಮನೆಯ ಮೇಜಿನ ಮೇಲೆ ದೀಪ ಬಿಚ್ಚಿ ಹರಡಿಕೊಂಡು ಕೂತ. ಚಾರ್ಜು ಮಾಡುವ ಸಣ್ಣ ಸೆಲ್ಲು ಮೂರು ಜೋಡಿಸಿದರೆ ಬಲ್ಬು ಸಪ್ಪೆ. ನಾಲ್ಕು ಜೋಡಿಸಿದ, ಝಗ್ ಅಂತು. ನಾಲ್ಕನ್ನೂ ಸೋಪಿನ ಡಬ್ಬಿಯೊಳಗೆ ಕೂರಿಸಿ, ಚಾರ್ಜು ಮಾಡಲು ಎರಡು ತಂತಿ ಹೊರಗೆ ಬಿಟ್ಟು, ಮುರಿದ ಸ್ವಿಚ್ಚನ್ನು ಕಿತ್ತೆಸೆದು ಎಲ್ಲವನ್ನೂ ನೇರವಾಗಿ ಬೆಸೆದುಬಿಟ್ಟ.

“ಸೋಪು ಎಲ್ಲಿಡಲಿ?” ಅಂದಳು ಹೆಂಡತಿ.

“ನನ್ನ ತಲೆ ಮೇಲಿಡು” ಅಂದ, ಖುಷಿಯಲ್ಲಿ.

ಗುರುವಾರ ಎರಡು ಗಂಟೆಯಾಯಿತು. ರಾತ್ರಿಯೆಲ್ಲ ಚಾರ್ಜಿಗಿಟ್ಟಿದ್ದ ದೀಪ ಹಾಲಿನಷ್ಟು ಬೆಳ್ಳಗೆ ಉರಿಯುತ್ತಿತ್ತು. ಎರಡೂವರೆಯಾಯಿತು, ಜಪ್ಪಯ್ಯ ಅನ್ನಲಿಲ್ಲ. ಹಳೇ ಬ್ಯಾಟರಿ ಸ್ವಲ್ಪ ಸ್ವಲ್ಪವೇ ಸೊರಗುತ್ತದೆ. ಈ ಸೆಲ್ಲು ಕೊನೆಯವರೆಗೂ ಒಂದೇ ಸಮ ಉರಿದು ಪಟ್ಟಂತ ಆರುತ್ತದೆ. ಇದು ಗೊತ್ತಿದ್ದೂ ಪಾಳಿಯ ಕಥೆ ಏನು ಅಂತ ಯೋಚಿಸದ ತನ್ನ ಬುದ್ಧಿಗೆ ಬೆಸುಗೆಯಣ್ಣ ಮನಸ್ಸಲ್ಲೇ ಉಗಿದುಕೊಂಡ.

ಏಣಿಯ ಬುಡದಲ್ಲಿ ಸ್ಟೂಲು ಹಾಕಿಕೊಂಡು, ತೊಡೆಯ ಮೇಲೆ ನಿಯಮದ ಪುಸ್ತಕ ಇಟ್ಟುಕೊಂಡು ಮೇಲ್ವಿಚಾರಕರು ಕೂತಿದ್ದರು.

“ಸಾರ್, ಮೂರು ಗಂಟೆ” ಅಂದ ಬೆಸುಗೆಯಣ್ಣ.

“ಇರಲಿ. ದೀಪ ಮಂಕಾಗಿದೆಯಾ?”

“ಇಲ್ಲ ಸಾರ್. ಆದ್ರೆ ನಮ್ಮಕ್ಕ...”

“ಅಕ್ಕನ ಮಾತು ಪುಸ್ತಕದಲ್ಲಿಲ್ಲ.”

ಸುರಂಗದಲ್ಲಿ ಸದಾ ಬಗ್ಗಿಯೇ ಇರಬೇಕಾದ ಜೊತೆಗಾರ ಉದ್ದಣ್ಣನಿಗೆ ಸೊಂಟ ಬಿದ್ದುಹೋಗಿತ್ತು. ಅವನು ಕೆಸರು ತೆಗೆದು ದೀಪದ ಗಾಜಿಗೆ ಬಳಿದ. ಮೇಲ್ವಿಚಾರಕರು ಎದ್ದು ಬಂದು ಕರವಸ್ತ್ರದಲ್ಲಿ ಒರೆಸಿ, “ಕೊಳೆ ಬೇರೆ, ಮಂಕು ಬೇರೆ” ಅಂದರು. ಉದ್ದಣ್ಣ ತಾನೇ ಕಣ್ಣು ಕಿರಿದು ಮಾಡಿ “ನನಗೆ ಮಂಕಾಗೇ ಕಾಣ್ತಿದೆ” ಅಂದ. ಕಣ್ಣು ತೋರಿಸಿಕೊಳ್ಳಲು ಅವನಿಗೆ ಡಾಕ್ಟರಿಗೊಂದು ಚೀಟಿ ಬರೆದುಕೊಟ್ಟರು.

ಮೂರೂ ಮುಕ್ಕಾಲಾಯಿತು. ಬೆಸುಗೆಯಣ್ಣನಿಗೆ ಬಸ್ಸೇ ಕಣ್ಣಿಗೆ ಕಟ್ಟಿತು. ಅಕ್ಕ ಕಿಟಕಿಯಿಂದ ಕತ್ತು ಚಾಚಿ ನೋಡುತ್ತಾಳೆ, ನಾನಿರುವುದಿಲ್ಲ, ಇವನು ಬದಲಾಗಿಲ್ಲ ಅಂದುಕೊಂಡು ಹೋಗಿಬಿಡುತ್ತಾಳೆ. ಇನ್ನೊಂದು ಕಾರ್ಡು ಈ ಜನ್ಮದಲ್ಲಿ ಬರುವುದಿಲ್ಲ.

ಇಕ್ಕಳ ತೆಗೆದು, ತಾನೇ ಬೆಸೆದ ತಂತಿಯನ್ನು ಕಟಕ್ಕನೆ ಕತ್ತರಿಸಿದ. ಹೊಟ್ಟೆ ಉರಿದುಹೋಯಿತು, ಅಂಥಾ ಬೆಸುಗೆ ಅದು.

ಸುರಂಗ ಕಗ್ಗತ್ತಲಾಯಿತು.

“ಹೋಗೋಣ್ವಾ ಸಾರ್?”

ಕತ್ತಲಲ್ಲಿ ಪುಸ್ತಕದ ಹಾಳೆ ಮಗುಚಿದ ಸದ್ದು. “ಮಂಕಾದೊಡನೆ ಅಂತಿದೆ ಕಣಯ್ಯಾ. ಆರಿದರೆ ಅಂತ ಎಲ್ಲೂ ಇಲ್ಲ. ಮಂಕಾಗದೇ ಆರಿದೆ. ಕೆಲಸ ಮುಂದುವರಿಸಿ.”

“ಕಾಣಲ್ವಲ್ಲ ಸಾರ್!”

“ನನಗೂ ಕಾಣ್ತಿಲ್ಲ. ನಾನೇನು ಕೆಲಸ ನಿಲ್ಲಿಸಿದೀನಾ?”

ಬೆಸುಗೆಯಣ್ಣ ತಡವರಿಸಿಕೊಂಡು ಏಣಿ ಹಿಡಿದ. ಕಾಲು ಮೆತ್ತಗಿನದೇನನ್ನೋ ತುಳಿಯಿತು. ಮೇಲ್ವಿಚಾರಕರ ಭುಜ. “ಯಾರದು ಹತ್ತುತ್ತಿರೋದು?” ಅಂತ ಅವರು ಗುಡುಗಿದರು. “ಯಾರೂ ಇಲ್ಲ ಸಾರ್” ಅಂದ ಉದ್ದಣ್ಣ. ಮುಖ ಕಾಣದೆ ವರದಿ ಬರೆಯುವಂತಿಲ್ಲವಾದ್ದರಿಂದ ಮೇಲ್ವಿಚಾರಕರು ಸುಮ್ಮನಾದರು.

ತಲೆಗೆ ಸತ್ತ ದೀಪ, ಮುಖಕ್ಕೆ ಕೆಸರು, ಹಾಗೇ ಓಡಿದ. ಬಸ್ ನಿಲ್ದಾಣದ ಗಡಿಯಾರದಲ್ಲಿ ನಾಲ್ಕು ಇಪ್ಪತ್ತು. ಮುಗಿಯಿತು ಅಂದುಕೊಂಡ. ಆದರೆ ನಿಲ್ದಾಣದ ತುಂಬ ಗಲಾಟೆ. ಬಸ್ಸು ನಿಂತೇ ಇತ್ತು, ಇಂಜಿನ್ನು ಗುರುಗುಟ್ಟುತ್ತಿತ್ತು, ಒಳಗಿನವರೆಲ್ಲ ಬಾಯಿಗೆ ಬಂದಂತೆ ಬೈಯುತ್ತಿದ್ದರು, ಕಂಡಕ್ಟರ್ ಕೈಮುಗಿದು ನಿಂತಿದ್ದ. ಬಾಗಿಲ ಮೆಟ್ಟಿಲ ಮೇಲೆ ನರೆಗೂದಲ ಹೆಂಗಸೊಬ್ಬಳು ಕೂತು, ಒಂದು ಕಾಲನ್ನು ನೆಲಕ್ಕೂರಿಬಿಟ್ಟಿದ್ದಳು.

“ಅಮ್ಮಾ, ಕಾಲು ಒಳಗೆ ತಗೊಳ್ಳಿ ಅಂತ ಎಷ್ಟು ಸಲ ಹೇಳೋದು? ಬಸ್ಸು ಬಿಡಬೇಕು!”

“ನನ್ನ ತಮ್ಮ ಬರ್ತಾನೆ” ಅಂದಳು ಅವಳು. “ಲೇಟಾಗಿ ಬರ್ತಾನೆ. ಚಿಕ್ಕಂದಿನಿಂದ ಹಂಗೇನೇ.”

ಬೆಸುಗೆಯಣ್ಣ ಜನರ ನಡುವೆ ನುಗ್ಗಿ ಎದುರಿಗೆ ನಿಂತ.

“ಹೆಂಗಿದ್ದೀಯಕ್ಕಾ?”

ಅವನ ಕೆಸರು ಮುಖವನ್ನು ಅವಳು ನೋಡಿಯೇ ನೋಡಿದಳು.

“ಕಾಲು ಜೋಮು ಹಿಡಿದು ಸತ್ತುಹೋಗಿದೆ ಕಣೋ” ಅಂದವಳೇ ಅಳತೊಡಗಿದಳು.

“ಬಂದ್ರಲ್ಲ ತಮ್ಮ, ಇನ್ನಾದ್ರೂ ಕಾಲು ತಗೊಳ್ಳಿ ತಾಯಿ” ಅಂದ ಕಂಡಕ್ಟರ್.

ಅವಳು ಇನ್ನೊಂದು ಕಾಲನ್ನೂ ಕೆಳಗಿಟ್ಟಳು.