ನೂರಕ್ಕೆ ನೂರನಾಲ್ಕು

"ಬಲಗಾಲು ಎಳೀಬ್ಯಾಡ್ರಿ! ಬಿಡ್ರಿ ಮೊದಲು!"

ಪ್ರೇಮಮ್ಮ ಬಿಸಿನೀರಿನ ಕೊಡವನ್ನು ಹೊಸ್ತಿಲಲ್ಲೇ ಕುಕ್ಕಿ ಒಳಗೆ ನುಗ್ಗಿದಳು. ಬೆಳಗಿನ ಜಾವ ತೀರಿಕೊಂಡ ಅತ್ತೆ ಕೊಟ್ರಮ್ಮನನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಎಡಗಾಲು ಮಡಚಿತ್ತು. ಬಿದಿರಿನ ದಬ್ಬೆ ಕಟ್ಟಿದ ಬಲಗಾಲು ನೆಟ್ಟಗೆ ಮುಂದಕ್ಕೆ ಚಾಚಿತ್ತು. ಇಬ್ಬರು ನೆಂಟರು ಅದನ್ನು ಹಿಡಿದು ಜಗ್ಗುತ್ತಿದ್ದರು.

"ಮತ್ತೆ ಹೆಂಗೆ ಕೂರಿಸೋದು?" ಎಂದ ಗಂಡ ಮುರುಗೇಶಪ್ಪ. ಗೋವಿನಕೋವಿಯ ಶಾಲೆಯಲ್ಲಿ ಅವನು ಮೇಷ್ಟ್ರು. ಮನೆಯಲ್ಲೂ ಅದೇ ದನಿ. "ನಮ್ಮಲ್ಲಿ ಕೂರಿಸೇ ಮಣ್ಣು ಕೊಡೋದು. ಹೊತ್ತಾದ್ರೆ ಮೈ ಸೆಟೀತದೆ. ಈಗೇನು ಅವ್ವಗೆ ನೋಯ್ತದಾ?"

"ಎಲ್ಲಿ ನೋಯ್ತಿತ್ತು ಅಂತನಾದ್ರೂ ಗೊತ್ತೇನ್ರೀ ನಿಮಗೆ? ಮೂರು ತಿಂಗಳಾಗೆ ಒಂದು ದಿನ ಮಗ್ಗುಲು ಬದಲಾಯ್ಸಿದ್ರಾ? ನ್ಯಾಮತಿಗೆ ಯಾರನ್ನಾದ್ರೂ ಸೈಕಲ್ ಮೇಲೆ ಕಳಿಸ್ರಿ. ಖಾಜಾಸಾಬ್ರು ಬರ್ಲಿ. ಕಟ್ಟಿದೋರೇ ಬಿಚ್ಲಿ."

"ಅಯ್ಯನೋರು ಕುಂತಾರೆ, ಸಾಬರು ಮುಟ್ಟೋದಾ?" ನೆಂಟರಲ್ಲೊಬ್ಬ ಗೊಣಗಿದ.

ಪಕ್ಕದ ಮನೆಯ ಚೌಡಕ್ಕ ತಿರುಗಿಬಿದ್ದಳು. "ಮೂರು ತಿಂಗಳಿಂದ ಅವರೇ ಮುಟ್ಟಿದ್ದು. ಆಗ ನಿನ್ನ ಮಡಿ ಸಂತೆಗೆ ಹೋಗಿತ್ತೇನಪ್ಪ?"

ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು ವಿಭೂತಿಯ ಬಟ್ಟಲು ಸರಿಸಿದರು. "ಬರ್ಲಿ ಬಿಡ್ರಿ. ಕುಣಿ ಇನ್ನೂ ತೋಡ್ತಾ ಅವ್ರೆ."

* * *

ಕೊಟ್ರಮ್ಮ ಮದುವೆಮನೆಗಳ ರೊಟ್ಟಿಯಾಕೆ. ಒಂದು ಕಾಲು ಮಡಚಿ, ಇನ್ನೊಂದು ಮೊಣಕಾಲು ಎತ್ತಿ ಒಲೆಮುಂದೆ ಕೂತರೆ ಇನ್ನೂರು ರೊಟ್ಟಿ ಬಡಿದೇ ಏಳುತ್ತಿದ್ದಳು. ರೊಟ್ಟಿ ದಪ್ಪವಾದರೆ ಬೀಗರೆದುರೇ ಹಿಟ್ಟು ನಾದಿದವಳನ್ನು ಬೈಯುತ್ತಿದ್ದಳು. ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ಎಂಬತ್ತಮೂರರ ದೀಪಾವಳಿಯ ಮಾರನೆಯ ದಿನ, ಬಚ್ಚಲಲ್ಲಿ ಜಾರಿದಳು.

ಹೊನ್ನಾಳಿಯ ಡಾಕ್ಟರು, "ಸೊಂಟದ ಸಂದಿನಲ್ಲಿ ತೊಡೆಮೂಳೆ ಮುರಿದಿದೆ, ಆಪರೇಷನ್ ಆಗಬೇಕು, ದಾವಣಗೆರೆಗೆ ಒಯ್ಯಿರಿ" ಎಂದರು.

"ಕತ್ತರಿ ಹಾಕಿಸ್ಕಳಾಕೆ ನಾನೇನು ರವಿಕೆ ಬಟ್ಟೆಯಾ?" ಎಂದಳು ಕೊಟ್ರಮ್ಮ.

ಕೊನೆಗೆ ಮೂಳೆ ಕಟ್ಟುವ ನಾಟಿವೈದ್ಯ ಖಾಜಾಸಾಬ್ ಬಂದು ದಬ್ಬೆ ಕಟ್ಟಿದ. ಸುಳ್ಳು ಹೇಳಲಿಲ್ಲ. "ಕೈ ಮೂಳೆ, ಕಾಲು ಮೂಳೆ ಕೂಡಿಸ್ತೀನಿ. ಸಂದಿಂದು ನನ್ನ ಕೈಲಿಲ್ಲ. ಅಲ್ಲಾಡದಂಗೆ ಕಟ್ಟಿರ್ತೀನಿ, ಅಷ್ಟೆ."

ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸಿ ಬಂದು ತೋರಿಸಿ ಎಂದು ಡಾಕ್ಟರು ಹೇಳಿದ್ದರು. ಲ್ಯಾಬಿನವನು ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುತ್ತಿದ್ದ. ಚೀಟಿ ಬಸ್ಸಿನಲ್ಲಿ ಬರುತ್ತಿತ್ತು. ಮೊದಲ ಚೀಟಿಯಲ್ಲಿ ಇಎಸ್‌ಆರ್ ನಲವತ್ತೆಂಟು. ಎರಡನೆಯದರಲ್ಲಿ ಎಪ್ಪತ್ತಾರು.

"ನೋಡು, ಏರೈತೆ!" ಎಂದಿದ್ದ ಮುರುಗೇಶಪ್ಪ. ಪ್ರೇಮಮ್ಮನ ಬಸಿರಿನ ದಿನಗಳಲ್ಲಿ ರಕ್ತದ ಅಂಶ ಎಂಟರಿಂದ ಹನ್ನೊಂದಕ್ಕೆ ಏರಿದಾಗ ಡಾಕ್ಟರು ಮೆಚ್ಚಿದ್ದರು. ಅವನ ಲೆಕ್ಕದಲ್ಲಿ ರಕ್ತವೆಂದರೆ ಏರಬೇಕು.

"ಅತ್ತೆ ಬೆನ್ನಾಗೆ ಹುಣ್ಣಾಗೈತೆ, ಅನ್ನ ಸೇರ್ತಿಲ್ಲ, ಸಂಜೆ ಮೈ ಸುಡ್ತೈತೆ. ಡಾಕ್ಟರ ಹತ್ರ ಹೋಗಿ ಬರ್ರಿ."

"ಒಳ್ಳೆ ನಂಬರ್ ಬಂದೈತೆ, ನಿಂದೊಂದು!"

ಮೂರನೆಯ ಚೀಟಿಯಲ್ಲಿ ನೂರನಾಲ್ಕು. ಅದನ್ನು ಹಿಡಿದು ಅವನೇ ಉಬ್ಬಿ ಹೊನ್ನಾಳಿಗೆ ಹೋದ. ಡಾಕ್ಟರು ಚೀಟಿಯಿಂದ ಕಣ್ಣೆತ್ತಲಿಲ್ಲ. "ಇದು ಇಳೀಬೇಕು, ಮೇಷ್ಟ್ರೇ. ಕೊಳವೆಯಲ್ಲಿ ರಕ್ತ ಬೇಗ ತಳಕ್ಕಿಳಿದಷ್ಟೂ ಮೈಯೊಳಗೆ ಉರಿ ಜಾಸ್ತಿ ಅಂತ ಅರ್ಥ. ಸೊಂಟ ಮುರಿದ ವಯಸ್ಸಾದವರಲ್ಲಿ ಹೀಗೆ ಏರಿದರೆ ಉಳಿಯೋದು ಕಷ್ಟ. ಎಪ್ಪತ್ತಾರು ಇದ್ದಾಗ ಯಾಕೆ ಬರಲಿಲ್ಲ?"

ಅದಾಗಿ ಇವತ್ತಿಗೆ ಆರು ದಿನ.

* * *

"ನಾವೇನು ಕಮ್ಮಿ ಮಾಡ್ಲಿಲ್ಲ," ಮುರುಗೇಶಪ್ಪ ಜಗಲಿಯಲ್ಲಿ ಕೂತವರಿಗೆ ಹೇಳುತ್ತಿದ್ದ. "ಮೂರು ಸಲ ರಕ್ತ ನೋಡಿಸಿದ್ವಿ. ಡಾಕ್ಟರು ಮೊದಲೇ ಬಿಡಿಸಿ ಹೇಳಬೇಕಿತ್ತು."

ಒಳಗಿದ್ದ ಪ್ರೇಮಮ್ಮನಿಗೆ ತಡೆಯಲಾಗಲಿಲ್ಲ. ಬಾಗಿಲಿಗೆ ಬಂದಳು.

"ನೂರಕ್ಕೆ ನೂರನಾಲ್ಕು ಯಾವ ಸಾಲ್ಯಾಗೆ ಕೊಡ್ತೀರಿ, ಮೇಷ್ಟ್ರೇ?"

ಹದಿನೆಂಟು ವರ್ಷದಲ್ಲಿ ಅವಳು ಗಂಡನನ್ನು ಹಾಗೆ ಕರೆದದ್ದು ಅದೇ ಮೊದಲು. ಯಾರೂ ನಗಲಿಲ್ಲ. ಮುರುಗೇಶಪ್ಪ ಹೆಗಲ ಟವೆಲ್ಲನ್ನು ತೆಗೆದು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ.

ಹನ್ನೊಂದರ ಹೊತ್ತಿಗೆ ಖಾಜಾಸಾಬ್ ಬಂದ. ಅಯ್ಯನವರಿಗೆ ಕೈಮುಗಿದು, ಕೊಟ್ರಮ್ಮನ ಕಾಲ ಬಳಿ ಕೂತು ಗಂಟು ಬಿಚ್ಚತೊಡಗಿದ. ದಬ್ಬೆಗಳು ಒಂದೊಂದಾಗಿ ನೆಲಕ್ಕೆ ಬಂದವು. ಕಾಲು ಕಡ್ಡಿಯಾಗಿತ್ತು; ಪಾದ ಹೊರಕ್ಕೆ ಹೊರಳಿತ್ತು.

"ಸೆಟೆದೈತೇನ್ರೀ ಸಾಬ್ರೇ?" ಅಯ್ಯನವರು ಕೇಳಿದರು.

"ಮೊಣಕಾಲಾಗೆ ಒಂದೀಟು. ನೀವಿದ್ರೆ ಬರ್ತದೆ, ಸ್ವಾಮೇರಾ. ಮುರಿದ ಕಡೆ ಏನೂ ಅಡ್ಡಿಲ್ಲ." ಅವನು ಬಿಸಿನೀರಿನ ಬಟ್ಟೆಯಿಂದ ಮೊಣಕಾಲನ್ನು ನೀವಿದ. ಬಹಳ ಹೊತ್ತು ನೀವಿದ. "ತಾಯಿ, ಅತ್ಲಾಗೆ ತಿರುಗು ಬೇಕಾದ್ರೆ."

ಪ್ರೇಮಮ್ಮ ತಿರುಗಲಿಲ್ಲ. ಅತ್ತೆಯ ಪಕ್ಕ ಕೂತು, ಮಗ್ಗುಲು ಬದಲಾಯಿಸುವಾಗಲೆಲ್ಲ ಹಿಡಿದುಕೊಳ್ಳಲು ಕೊಡುತ್ತಿದ್ದಂತೆ ತನ್ನ ಮಣಿಕಟ್ಟನ್ನು ಅತ್ತೆಯ ಅಂಗೈಯೊಳಗೆ ತುರುಕಿ, ಹಲ್ಲು ಕಚ್ಚಿ ಕಾದಳು.

ಕಾಲು ಸದ್ದಿಲ್ಲದೆ ಮಡಚಿತು. ಪಾದ ಎಡತೊಡೆಯ ಮೇಲೆ ಬಂದು ಕೂತಿತು.

"ಆತು," ಎಂದ ಖಾಜಾಸಾಬ್.

ಪ್ರೇಮಮ್ಮ ಇನ್ನೂ ಹಲ್ಲು ಕಚ್ಚಿಕೊಂಡೇ ಇದ್ದಳು. ಚೌಡಕ್ಕ ಬಂದು ಅವಳ ಕೈಯನ್ನು ಮೆಲ್ಲಗೆ ಹೊರಗೆಳೆದಳು. ಮಣಿಕಟ್ಟಿನ ಮೇಲೆ ನಿನ್ನೆಯ ನಾಲ್ಕು ಉಗುರಿನ ಗುರುತು ಇನ್ನೂ ಕೆಂಪಗಿತ್ತು.