ಪಿಟೀಲು ಆ ಮನೆ, ಮೃದಂಗ ಈ ಮನೆ

"ಕಣ್ಣು ಮುಚ್ಚಿಕೋ. ಈಗ ಮೃದಂಗ ಎಲ್ಲಿದೆ ಅಂತ ಬೆರಳು ಮಾಡಿ ತೋರಿಸು," ಎಂದ ಹಯಗ್ರೀವ.

ಸುಬ್ಬರಾಮ ಕಣ್ಣು ಮುಚ್ಚಿಕೊಂಡ. ನಡುಮನೆಯ ಬೆತ್ತದ ಕುರ್ಚಿಯಲ್ಲಿ ಅವನನ್ನು ಕೂರಿಸಿ, ಎರಡೂ ಸ್ಪೀಕರುಗಳಿಗೆ ಸರಿಸಮ ದೂರ ಬರುವಂತೆ ಹಯಗ್ರೀವ ಕುರ್ಚಿಯನ್ನು ಅತ್ತಿತ್ತ ಜರುಗಿಸಿದ್ದ. ಅವನು ಹೊಸೂರು ತಾಲ್ಲೂಕು ಕಚೇರಿಯಲ್ಲಿ ಸರ್ವೇಯರು. ಹೊಲ ಅಳೆಯುವ ಟೇಪನ್ನೇ ಮನೆಗೆ ತಂದು ಅಳೆದು, ಕುರ್ಚಿಯ ಕಾಲುಗಳು ಇರಬೇಕಾದ ಕಡೆ ಸೀಮೆಸುಣ್ಣದ ಗುರುತು ಹಾಕಿದ್ದ. ನೆಲ ಒರೆಸುವಾಗಲೆಲ್ಲ ಅವನ ಹೆಂಡತಿ ಅಂಬುಜಮ್ಮ ಆ ಚುಕ್ಕಿಗಳನ್ನು ಬಳಸಿಕೊಂಡು ಬಟ್ಟೆ ಆಡಿಸಬೇಕಾಗಿತ್ತು.

ಕೃಷ್ಣಗಿರಿ ಕಚೇರಿಯಿಂದ ಬಂದಿದ್ದ ಗೆಳೆಯರೊಬ್ಬರು ಆಗಲೇ ಈ ಪರೀಕ್ಷೆ ಪಾಸು ಮಾಡಿ, "ರೊಂಬ ನಲ್ಲಾ ಇರುಕ್ಕು ಸಾರ್" ಎಂದು ತಮಿಳಿನಲ್ಲಿ ಹೊಗಳಿ, ಉಪ್ಪಿಟ್ಟಿನ ತಟ್ಟೆ ಹಿಡಿದು ಕೂತಿದ್ದರು. ಅಂಬುಜಮ್ಮ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಸುಬ್ಬರಾಮ ಅವಳ ತಮ್ಮ. ಟೇಪ್ ರೆಕಾರ್ಡರಿನಲ್ಲಿ ಯಾರೋ ದೊಡ್ಡ ವಿದ್ವಾಂಸರ ಕಲ್ಯಾಣಿ ರಾಗ ಸಾಗುತ್ತಿತ್ತು. ಸುಬ್ಬರಾಮ ಕತ್ತನ್ನು ಒಂದು ಸಲ ಆ ಕಡೆ, ಒಂದು ಸಲ ಈ ಕಡೆ ತಿರುಗಿಸಿದ. ಹುಬ್ಬು ಗಂಟಿಕ್ಕಿದ. ಕೊನೆಗೆ ಬಲಗೈ ಎತ್ತಿ, ಪಿಟೀಲು ಕೇಳಿಬರುತ್ತಿದ್ದ ಮೂಲೆಯನ್ನು ತೋರಿಸಿದ.

ಗೆಳೆಯರು ಬಾಯಲ್ಲಿ ಉಪ್ಪಿಟ್ಟು ಇಟ್ಟುಕೊಂಡೇ ನಕ್ಕುಬಿಟ್ಟರು.

"ಅಯ್ಯೋ, ಅದು ಪಿಟೀಲು ಕಣಯ್ಯ! ಮೃದಂಗ ಎಡಗಡೆ. ಚಿಕ್ಕ ಮಗೂಗೂ ಗೊತ್ತಾಗುತ್ತೆ!" ಎಂದ ಹಯಗ್ರೀವ.

ಸುಬ್ಬರಾಮ ಕಣ್ಣು ಬಿಟ್ಟ. ಮುಖ ಕೆಂಪಗಾಗಿತ್ತು. "ನಿಜ ಹೇಳ್ತೀನಿ ಕೇಳಿ ಭಾವ. ನಮ್ಮನೆ ಹಳೇ ರೇಡಿಯೋಗೂ ಇದಕ್ಕೂ ನನಗೆ ಏನೂ ವ್ಯತ್ಯಾಸ ಕಾಣ್ಸಲ್ಲ. ಇದಕ್ಕೆ ಸುರಿದ ದುಡ್ಡೆಲ್ಲ ದಂಡ. ಆ ಜರ್ಮನಿಯೋನು ನಮ್ಮಿಬ್ಬರ ತಲೇನೂ ನುಣ್ಣಗೆ ಬೋಳಿಸಿ ಹೋದ."

"ದಂಡಾನಾ? ನಿನ್ನ ಕಿವೀಲಿ ಏನು ರಾಗಿ ಹಿಟ್ಟು ತುಂಬಿದ್ಯಾ?"

"ಹೂಂ, ಹಾಗೇ ಅಂತ ಇಟ್ಕೊಳ್ಳಿ. ನನ್ನ ಪಾಲು ನನಗೆ ಕೊಟ್ಬಿಡಿ."

ಜಗಳ ಶುರುವಾದದ್ದು ಹೀಗೆ. ಜರ್ಮನಿಯವನು ಎಂದರೆ ಸುಬ್ಬರಾಮ ಕೆಲಸ ಮಾಡುತ್ತಿದ್ದ ಕಾರ್ಖಾನೆಗೆ ಯಂತ್ರ ಕೂರಿಸಲು ಬಂದಿದ್ದ ಇಂಜಿನಿಯರು. ಹಿಂದಿನ ದೀಪಾವಳಿಯ ಹೊತ್ತಿಗೆ ಅವನು ತನ್ನ ದೇಶಕ್ಕೆ ಹಿಂತಿರುಗುವಾಗ ಮಾರಿಹೋದದ್ದು ಈ ಸ್ಪೀಕರುಗಳನ್ನು, ಅವಕ್ಕೆ ಸದ್ದು ತುಂಬುವ ಆಂಪ್ಲಿಫಯರನ್ನು. ಮಾಮೂಲಿ ಸ್ಟೀರಿಯೋಗೆ ಆಂಪ್ಲಿಫಯರ್ ಅಂದರೆ ಒಂದೇ ಪೆಟ್ಟಿಗೆ. ಇದರಲ್ಲಿ ಎರಡು. ಎಡದ ಸ್ಪೀಕರಿಗೊಂದು, ಬಲದ ಸ್ಪೀಕರಿಗೊಂದು. ಒಂದೊಂದನ್ನು ಎತ್ತಲು ಇಬ್ಬಿಬ್ಬರು ಬೇಕು. ಭಾವ ಮೈದುನ ಸಮಪಾಲು ಹಾಕಿ ಕೊಂಡರು. ಆ ದುಡ್ಡಿಗೆ ಬಾಗಲೂರು ರಸ್ತೆಯಲ್ಲಿ ಒಂದು ಸೈಟು ಬರುತ್ತಿತ್ತು ಎಂದು ಅಂಬುಜಮ್ಮ ಹೇಳಿ ಹೇಳಿ ಬಾಯಿ ನೋಯಿಸಿಕೊಂಡಳು.

ಪೆಟ್ಟಿಗೆಗಳು ಬಂದಮೇಲೆ ಅವಳ ಮನೆಯಲ್ಲಿ ಅವಳೇ ಸದ್ದು ಮಾಡುವ ಹಾಗಿರಲಿಲ್ಲ. ಗಡಿಯಾರ ಟಿಕ್ ಟಿಕ್ ಅನ್ನುತ್ತದೆಂದು ಅದು ಬಚ್ಚಲುಮನೆಯ ಗೋಡೆಗೆ ಹೋಯಿತು. ಬೇಸಿಗೆಯಲ್ಲಿ ಫ್ಯಾನು ಆರಿಸಿಕೊಂಡು ಬೆವರು ಸುರಿಸುತ್ತ ಸಂಗೀತ ಕೇಳಬೇಕು. ಕುಕ್ಕರಿನ ಸೀಟಿ ಪಲ್ಲವಿಯ ನಡುವೆ ಕೂಗಿದರೆ ಹಯಗ್ರೀವ ಎದೆ ಹಿಡಿದುಕೊಳ್ಳುತ್ತಿದ್ದ. "ಅನ್ನ ಬೇಕೋ ಆರೋಹಣ ಬೇಕೋ, ಒಂದು ಹೇಳಿಬಿಡಿ," ಎಂದು ಅವಳು ಒಂದು ದಿನ ಕೇಳಿದ್ದಕ್ಕೆ, ಅವನು ನಿಜವಾಗಿಯೂ ಸ್ವಲ್ಪ ಹೊತ್ತು ಯೋಚಿಸಿದ್ದ.

ಪಾಲು ಮಾಡುವುದು ಕಷ್ಟವಾಗಿದ್ದರೆ ಬುದ್ಧಿ ಬರುತ್ತಿತ್ತೇನೋ. ಪೆಟ್ಟಿಗೆ ಎರಡಿದ್ದದ್ದೇ ಅನಾಹುತವಾಯಿತು. ಮಾರನೆಯ ದಿನವೇ ಬಲಗಡೆಯ ಪೆಟ್ಟಿಗೆ, ಬಲಗಡೆಯ ಸ್ಪೀಕರು ಕೈಗಾಡಿ ಹತ್ತಿ ಹಿಂದಿನ ಬೀದಿಯ ಸುಬ್ಬರಾಮನ ಮನೆ ಸೇರಿದವು. ಅವನಲ್ಲೂ ಒಂದು ಟೇಪ್ ರೆಕಾರ್ಡರ್ ಇತ್ತು. ಅದೇ ಕಲ್ಯಾಣಿಯ ಇನ್ನೊಂದು ಕ್ಯಾಸೆಟ್ಟೂ ಇತ್ತು. ಅಂಬುಜಮ್ಮ ಹೆಣ್ಣುಮಕ್ಕಳ ಶಾಲೆಯಲ್ಲಿ ಕನ್ನಡ ಟೀಚರು. ನಾಲ್ಕನೆಯ ಕ್ಲಾಸಿನ ಹುಡುಗಿಯರೂ ಬಳಪಕ್ಕಾಗಿ ಇಷ್ಟು ಕಚ್ಚಾಡುವುದಿಲ್ಲ ಎಂದುಕೊಂಡಳು. ಹಾಗೆಂದು ಇಬ್ಬರಿಗೂ ಹೇಳಿಯೂ ನೋಡಿದಳು. ಇಬ್ಬರೂ ಅದನ್ನು ಇನ್ನೊಬ್ಬನಿಗೆ ಹೇಳಿದ ಮಾತು ಎಂದು ತಿಳಿದು ತಲೆದೂಗಿದರು.

ತೊರಪಲ್ಲಿ ಅಗ್ರಹಾರದಿಂದ ಸೈಕಲ್ಲಿನಲ್ಲಿ ಹಾಲು ತರುತ್ತಿದ್ದ ನಂಜಪ್ಪನಿಗೆ ಎರಡೂ ಮನೆಗೆ ದಿನಾ ಹಾಲು ಹಾಕುವ ವರ್ತನೆ.

"ಏನ್ ಟೀಚರಮ್ಮಾ, ಆ ಮನೇಲಿ ಬರೀ ಪಿಟೀಲು ಕುಯ್ತಾವ್ರೆ, ಈ ಮನೇಲಿ ಬರೀ ಮೃದಂಗ ಬಡೀತಾವ್ರೆ. ಎಲ್ಡೂ ಒಂದ್ಕಡೆ ಇಕ್ಬುಟ್ರೆ ಆಯ್ತದಲ್ಲ?"

"ಹಾಲಿಗೆ ನೀರು ಬೆರೆಸೋದರ ಜೊತೆಗೆ ಪಂಚಾಯ್ತಿ ಮಾಡೋದನ್ನೂ ಕಲ್ತ್ಯಾ? ಅಳೆದು ಹಾಕು," ಎಂದಳು ಅಂಬುಜಮ್ಮ. ಆದರೆ ಅವನು ಹೇಳಿದ್ದು ನಿಜವಾಗಿತ್ತು. ಹಯಗ್ರೀವ ಪಟ್ಟು ಬಿಡದೆ ತನ್ನ ಒಂದೇ ಸ್ಪೀಕರಿನ ಮುಂದೆ ಕೂತು, ಎಲ್ಲೋ ದೂರದಲ್ಲಿ ಹಾಡುತ್ತಿರುವಂತೆ ಕೇಳಿಸುವ ಗಾಯಕನನ್ನೂ ಕಿವಿಯ ಪಕ್ಕದಲ್ಲೇ ಗುಡುಗುವ ಮೃದಂಗವನ್ನೂ ಕೇಳುತ್ತ, "ಒಂದೇ ಪೆಟ್ಟಿಗೆಯಾದರೂ ಎಂಥ ನಾದ ನೋಡು" ಎನ್ನುತ್ತಿದ್ದ. ಅವನ ಮುಖ ಮಾತ್ರ ಬೇರೆ ಏನನ್ನೋ ಹೇಳುತ್ತಿತ್ತು.

ಹೀಗೇ ಗೌರಿ ಹಬ್ಬ ಬಂತು. ಅಕ್ಕನಿಗೆ ತವರಿನ ಬಾಗಿನ ಸುಬ್ಬರಾಮನೇ ತಂದುಕೊಡುವುದು ಅಪ್ಪ ಹೋದಾಗಿನಿಂದ ನಡೆದುಬಂದ ಪದ್ಧತಿ. ಆ ವರ್ಷ ಅವನ ಹೆಂಡತಿ ವೆಂಕಟಲಕ್ಷ್ಮಿ ಒಬ್ಬಳೇ ಮೊರ ಹಿಡಿದು ಬಂದಳು.

"ಅವನೆಲ್ಲಿ?"

"ಮನೇಲಿದ್ದಾರೆ ಅತ್ತಿಗೆ. ಅದೇನೋ ಕೆಲಸ..."

"ಹಬ್ಬದ ದಿನ ಕಾರ್ಖಾನೆಗೆ ರಜ. ಅವನಿಗೇನು ಕೆಲಸ? ನಡಿ, ನಾನೇ ಬರ್ತೀನಿ." ಬಾಗಿನವನ್ನು ಮುಟ್ಟದೆ, ಒಗ್ಗರಣೆ ಹಾಕುತ್ತಿದ್ದ ಒಲೆಯನ್ನು ಆರಿಸಿ, ಅಂಬುಜಮ್ಮ ಹೊರಟೇಬಿಟ್ಟಳು. ವೆಂಕಟಲಕ್ಷ್ಮಿ ಮೊರ ಹೊತ್ತು ಹಿಂದೆ ಓಡಿದಳು.

ಸುಬ್ಬರಾಮ ಜಗಲಿಯ ಮೇಲೆ ಕೂತು ಪೇಪರು ಓದುತ್ತಿದ್ದ. ಅಂಬುಜಮ್ಮ ಗೇಟು ದಾಟುವ ಮೊದಲೇ ಶುರುಮಾಡಿದಳು. "ನಿನಗೆ ಅಕ್ಕ ಬೇಡವಾದಳೇನೋ ಸುಬ್ಬು? ಆ ತಗಡಿನ ಡಬ್ಬಕ್ಕೋಸ್ಕರ ಹಬ್ಬದ ದಿನ ಮನೆ ಬಾಗಿಲಿಗೆ ಬರಲ್ಲ ಅಂದ್ರೆ ಏನರ್ಥ? ಅವರಿಗಂತೂ ಬುದ್ಧಿಯಿಲ್ಲ, ನಿನಗೂ ಇಲ್ವಾ?" ಸುಬ್ಬರಾಮ ಪುಟ ತಿರುಗಿಸಿದ. ಅವಳು ಇನ್ನೂ ಹತ್ತಿರ ಬಂದು, ಶಾಲೆಯ ಕೊನೆಯ ಬೆಂಚಿಗೆ ಮುಟ್ಟುವ ದನಿಯಲ್ಲಿ, "ಸುಬ್ಬೂ! ನಿನಗೇ ಹೇಳ್ತಿರೋದು!" ಎಂದಳು. ಎದುರು ಮನೆಯವರು ಕಿಟಕಿಯಲ್ಲಿ ಇಣುಕಿದರು. ಸುಬ್ಬರಾಮ ಕನ್ನಡಕ ಸರಿಮಾಡಿಕೊಂಡು, ಆ ದನಿ ಬೀದಿಯ ಆಚೆ ತುದಿಯಿಂದ ಬಂದಿತೇನೋ ಎಂಬಂತೆ ಅತ್ತ ನೋಡಿದ.

ಅಲ್ಲಿ ಯಾರೂ ಇರಲಿಲ್ಲ. ಅವನು ಪೇಪರಿಗೆ ಮರಳಿದ.

ಅಂಬುಜಮ್ಮ ಜಗಲಿಯನ್ನು ಸುತ್ತಿ ಎದುರಿಗೆ ಬಂದು ನಿಂತಳು. ಸುಬ್ಬರಾಮ ಬೆಚ್ಚಿ ಎದ್ದ. "ಅರೆ, ಯಾವಾಗ ಬಂದೆ ಅಕ್ಕ?"

ಗೇಟಿನ ಬಳಿ ನಿಂತಿದ್ದ ವೆಂಕಟಲಕ್ಷ್ಮಿ ಮೊರದ ಅಂಚನ್ನು ನೋಡುತ್ತ, "ಇವರಿಗೆ ಎಡಗಿವಿ ಕೇಳ್ಸಲ್ಲ ಅತ್ತಿಗೆ. ಆ ಕಡೆ ನಿಂತು ಕೂಗಿದ್ರೆ ಎಲ್ಲಿಂದ ಅಂತ ಗೊತ್ತಾಗಲ್ಲ. ಹೇಳಬೇಡ ಅಂತ ಆಣೆ ಹಾಕ್ಸಿಕೊಂಡಿದ್ರು," ಎಂದಳು.

ಒಳಗೆ ಹೋಗಿ ಕೂತಮೇಲೆ ಸುಬ್ಬರಾಮ ಅಕ್ಕನನ್ನು ತನ್ನ ಬಲಕ್ಕೆ ಕರೆದುಕೊಂಡ. "ಯುಗಾದಿ ಕಳೆದ ಮೇಲೆ ಒಂದು ಬೆಳಗ್ಗೆ ಎದ್ದೆ, ಈ ಕಿವಿ ಇರಲಿಲ್ಲ ಅಷ್ಟೇ. ನೋವಿಲ್ಲ, ಏನಿಲ್ಲ. ಬೆಂಗಳೂರಲ್ಲಿ ತೋರಿಸ್ದೆ. ನರ ಹೋಗಿದೆ, ಬರಲ್ಲ ಅಂದ್ರು."

"ಒಂದು ಮಾತು ಹೇಳಬಾರದೇನೋ?"

"ಯಾರಿಗೆ? ಭಾವನಿಗಾ? ಅವರು ಪ್ರತಿ ಭಾನುವಾರ ಆ ಕುರ್ಚೀಲಿ ಕೂರಿಸಿ ಕಣ್ಣು ಮುಚ್ಚು ಅನ್ನೋರು. ಯಾವುದು ಎಲ್ಲಿಂದ ಬರುತ್ತೆ ಅಂತ ನನಗೆ ಹೇಗೆ ಗೊತ್ತಾಗಬೇಕು? ಅಂದಾಜಲ್ಲಿ ತೋರಿಸ್ತಿದ್ದೆ. ಅವತ್ತು ತಪ್ಪಿತು. ಆ ಕೃಷ್ಣಗಿರಿಯ ಮನುಷ್ಯನ ಮುಂದೆ... ಅಯ್ಯೋ ಪಾಪ ಅನ್ನಿಸಿಕೊಳ್ಳೋದಕ್ಕಿಂತ ಜಗಳ ಆಡೋದು ವಾಸಿ ಅನ್ನಿಸ್ತು. ನೀನು ಹೇಳಬೇಡ ಅಕ್ಕ."

ಅಂಬುಜಮ್ಮನಿಗೆ ಅಳು ಬಂತು; ಅದರ ಹಿಂದೆಯೇ ಕೋಪ. ಕಿವಿ ಹೋಗಿದೆ ಎನ್ನುವ ಬದಲು ಆಂಪ್ಲಿಫಯರ್ ಸರಿಯಿಲ್ಲ ಎನ್ನುವವನನ್ನು ಏನು ಮಾಡಬೇಕು? ಬಾಗಿನ ತೆಗೆದುಕೊಂಡು, ಹೇಳುವುದಿಲ್ಲವೆಂದು ಮಾತು ಕೊಟ್ಟು ಮನೆಗೆ ಬಂದಳು.

ಆ ಮಾತನ್ನು ಉಳಿಸಿಕೊಳ್ಳಲು ಗಂಡ ಬಿಡಲಿಲ್ಲ. ಊಟಕ್ಕೆ ಕೂತವನೇ, "ಏನಂತೆ ಅವನಿಗೆ? ನನ್ನ ಕ್ಷಮೆ ಕೇಳೋಕೆ ಬರ್ತಾನಂತಾ?" ಎಂದ. ಅವಳು ಹೋಳಿಗೆ ಬಡಿಸಿದಳು. "ಸಂಗೀತ ಕೇಳೋಕೆ ಸಂಸ್ಕಾರ ಬೇಕು. ಕಾರ್ಖಾನೆ ಸದ್ದಲ್ಲಿ ಇರೋನಿಗೆ..." ಎಂದು ಅವನು ಮುಂದುವರಿಸಿದಾಗ ಅವಳು ಕೈಲಿದ್ದ ತುಪ್ಪದ ಮಿಳ್ಳೆಯನ್ನು ನೆಲಕ್ಕೆ ಕುಕ್ಕಿದಳು.

"ಅವನಿಗೆ ಎಡಗಿವಿ ಕೇಳಿಸಲ್ಲ! ಯುಗಾದಿಯಿಂದ ಕೇಳಿಸ್ತಿಲ್ಲ! ಸಾಕಾ ಸಂಸ್ಕಾರ?"

ಹಯಗ್ರೀವನ ಕೈ ಎಲೆಯ ಮೇಲೆ ನಿಂತಿತು. ಅವನು, "ಹಾಗಾದ್ರೆ ಅವನಿಗೆ ಸ್ಟೀರಿಯೋ ಅನ್ನೋದೇ ಇಲ್ವಾ?" ಎಂದ.

"ಥೂ! ನಿಮಗೆ ಅದೇ ಚಿಂತೆ!" ಎಂದು ಅಂಬುಜಮ್ಮ ಎದ್ದುಹೋದಳು. ಈ ಮನುಷ್ಯನ ಜೊತೆ ಇಷ್ಟು ವರ್ಷ ಹೇಗೆ ಬಾಳಿದೆನೋ ಎಂದು ಅಡುಗೆಮನೆಯಲ್ಲಿ ಪಾತ್ರೆಗಳಿಗೆ ಹೇಳಿದಳು. ಅವನು ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಕೈ ತೊಳೆದದ್ದು ಅವಳಿಗೆ ಆಮೇಲೆ ಕಂಡಿತು.

ಭಾನುವಾರ ಬೆಳಗ್ಗೆ ಅವನು ನಂಜಪ್ಪನಿಂದ ಕೈಗಾಡಿ ತರಿಸಿದ. ಇಬ್ಬರೂ ಏದುಸಿರು ಬಿಡುತ್ತ ಪೆಟ್ಟಿಗೆಯನ್ನು ಗಾಡಿಗೆ ಏರಿಸಿದರು. "ಏನ್ ಸ್ವಾಮಿ, ಒಳಗೆ ಕಲ್ಲು ತುಂಬವ್ರಾ?" ಎಂದ ನಂಜಪ್ಪ. ಹಯಗ್ರೀವ ಸ್ಪೀಕರನ್ನು ಮಗುವಿನಂತೆ ತಬ್ಬಿಕೊಂಡು ಗಾಡಿಯ ಹಿಂದೆ ನಡೆದ. ಏನು ಅನಾಹುತ ಮಾಡುತ್ತಾನೋ ಎಂದು ಅಂಬುಜಮ್ಮ ಚಪ್ಪಲಿ ಮೆಟ್ಟಿ ಹೊರಟಳು.

ಸುಬ್ಬರಾಮ ಬಾಗಿಲಿಗೆ ಅಡ್ಡ ನಿಂತ. "ಏನು ಭಾವ ಇದು?"

"ನಮ್ಮ ಬೀದೀಲಿ ವೋಲ್ಟೇಜ್ ಸರಿಯಿಲ್ಲ. ಇದು ಇಲ್ಲೇ ಇರಲಿ."

"ಎರಡೂ ಬೀದಿಗೆ ಒಂದೇ ಟ್ರಾನ್ಸ್‌ಫಾರ್ಮರ್ ಅಲ್ವಾ?"

"ಟ್ರಾನ್ಸ್‌ಫಾರ್ಮರ್ ವಿಷಯ ನಿನಗೇನಯ್ಯ ಗೊತ್ತು? ದಾರಿ ಬಿಡು, ಕೈ ಬಿದ್ದುಹೋಗ್ತಿದೆ."

ಸುಬ್ಬರಾಮ ಅಕ್ಕನ ಮುಖ ನೋಡಿದ. ಅಂಬುಜಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ತಿಥಿ ಹುಡುಕತೊಡಗಿದಳು. ಅವನು ದಾರಿ ಬಿಟ್ಟ.

ಹಯಗ್ರೀವ ಈ ಸಲ ಏನನ್ನೂ ಅಳೆಯಲಿಲ್ಲ. ಎರಡೂ ಸ್ಪೀಕರುಗಳನ್ನು ಬೆಂಚಿನ ಬಲಗಡೆಗೇ, ಒಂದರ ಪಕ್ಕ ಒಂದು ನಿಲ್ಲಿಸಿದ. "ಆ ಕಡೆ ಗೋಡೆ ಸರಿಯಿಲ್ಲ, ಸದ್ದು ಕುಡಿಯುತ್ತೆ," ಎಂದ, ಯಾರೂ ಕೇಳದಿದ್ದರೂ. ಸುಬ್ಬರಾಮ ಗೋಡೆಯನ್ನು ನೋಡಿದ, ಭಾವನನ್ನು ನೋಡಿದ, ಕೆಳಗೆ ಕೂತು ವಯರು ಬಿಡಿಸತೊಡಗಿದ. "ಕೆಂಪು ಇಲ್ಲಿಗಲ್ಲ ಕಣಯ್ಯ." "ಇಲ್ಲಿಗೇ ಭಾವ, ನೀವು ಅಲ್ಲಿ ಉಲ್ಟಾ ಕೊಟ್ಟಿದ್ದೀರಿ." "ನಾನಾ? ನಾನು ಉಲ್ಟಾ ಕೊಟ್ಟಿದ್ದೀನಾ?" ಇಬ್ಬರ ತಲೆಯೂ ಪೆಟ್ಟಿಗೆಯ ಹಿಂದೆ ಮರೆಯಾಯಿತು. ಇಷ್ಟು ತಿಂಗಳ ವನವಾಸಕ್ಕೆ ಒಂದು ಒಳ್ಳೆಯ ಮಾತೂ ಇಲ್ಲದೆ, ಮತ್ತೆ ವಯರಿಗೆ ಜಗಳ. ಅಂಬುಜಮ್ಮ ಹಣೆ ಚಚ್ಚಿಕೊಂಡು, ಕಾಫಿ ಮಾಡಲು ವೆಂಕಟಲಕ್ಷ್ಮಿಯ ಹಿಂದೆ ಹೋದಳು.

ಅವಳು ಲೋಟ ಹಿಡಿದು ಬರುವ ಹೊತ್ತಿಗೆ ಕಲ್ಯಾಣಿ ಕೊನೆ ಮುಟ್ಟುತ್ತಿತ್ತು. ಸುಬ್ಬರಾಮ ಬೆಂಚಿನ ಬಲತುದಿಯಲ್ಲಿ, ಸ್ಪೀಕರುಗಳಿಗೆ ಹತ್ತಿರ ಕೂತಿದ್ದ. ಹಯಗ್ರೀವ ಎಡತುದಿಯಲ್ಲಿ. ಅಲ್ಲಿಗೆ ಪಿಟೀಲು, ಮೃದಂಗ, ಹಾಡು ಎಲ್ಲ ಒಂದೇ ಮುದ್ದೆಯಾಗಿ ಕೇಳಿಸುತ್ತಿತ್ತು. ಕಲ್ಯಾಣಿ ಮುಗಿಯಿತು.

"ಏನೇ ಹೇಳಿ ಭಾವ, ಇದಕ್ಕೆ ಅಷ್ಟು ದುಡ್ಡು ಕೊಡಬಾರದಿತ್ತು," ಎಂದ ಸುಬ್ಬರಾಮ, ಸ್ಪೀಕರುಗಳನ್ನೇ ನೋಡುತ್ತ.

ಹಯಗ್ರೀವ ಬೆಂಚಿನ ಅಂಚನ್ನು ಉಗುರಿನಿಂದ ಕೆರೆದ.

"ಕೊಡಬಾರದಿತ್ತು ಕಣಯ್ಯ," ಎಂದ, ಅವನ ಎಡಗಿವಿಯ ಕಡೆಯಿಂದ, ತೀರ ಮೆಲ್ಲಗೆ.

ಸುಬ್ಬರಾಮ ತಿರುಗಲಿಲ್ಲ. ಬಾಗಿಲಲ್ಲಿ ಕಾಫಿಯ ಲೋಟಗಳು ಅಂಬುಜಮ್ಮನ ಬೆರಳು ಸುಡುತ್ತಿದ್ದವು. ಟೇಪು ಇನ್ನೂ ತಿರುಗುತ್ತಲೇ ಇತ್ತು. ಅಕ್ಕಪಕ್ಕ ನಿಂತ ಎರಡು ಸ್ಪೀಕರುಗಳಿಂದ ಸಣ್ಣಗೆ ಸುಯ್ಯೆನ್ನುವ ಸದ್ದು ಬರುತ್ತಿತ್ತು. ಯಾರೂ ಎದ್ದು ಆರಿಸಲಿಲ್ಲ.